ಕೂಡಿಸಿದರೆ ಕಸ, ಬೇರ್ಪಡಿಸಿದರೆ ಮಾಲು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಉದ್ದಿಮೆಗಳಿಗೆ ವರ್ತುಲ ಆರ್ಥಿಕತೆಯ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಒಂದು ಲೇತ್ ಶಾಪಿನ ಹಿಂಬಾಗಿಲಿಗೆ ಹೋಗಿ ಅಲ್ಲಿ ಬಿದ್ದ ರಾಶಿಯನ್ನು ನೋಡಿ. ಬೀಡಿನ (ಎರಕದ ಕಬ್ಬಿಣದ) ಪುಡಿ, ಉಕ್ಕಿನ ಸುರುಳಿ, ನಡುನಡುವೆ ಹೊಳೆಯುವ ಹಿತ್ತಾಳೆ, ಎಣ್ಣೆ ಹತ್ತಿದ ಬಟ್ಟೆ, ಚಹಾದ ಕಾಗದದ ಕಪ್ಪು. ಗುಜರಿಯವರು ಬಂದು ಇಡೀ ರಾಶಿಗೆ ಒಂದೇ ದರ ಹೇಳುತ್ತಾರೆ. ಅದು ರಾಶಿಯಲ್ಲಿರುವ ಅತಿ ಅಗ್ಗದ ಮಾಲಿನ ದರ. ಯಂತ್ರದ ಕೆಳಗಿನ ತಟ್ಟೆಯಲ್ಲಿದ್ದಾಗ ಇದೇ ಬೀಡಿನ ಪುಡಿ ಬೆಳಗಾವಿಯ ಯಾವುದೇ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕೊಳ್ಳುವಂಥ ಕಚ್ಚಾಮಾಲಾಗಿತ್ತು. ತಟ್ಟೆಯಿಂದ ರಾಶಿಗೆ ಬರುವ ಇಪ್ಪತ್ತು ಹೆಜ್ಜೆಯಲ್ಲಿ ಅದು ಕಸವಾಯಿತು.

ವರ್ತುಲ ಆರ್ಥಿಕತೆ ಎಂದರೆ ಕಸವನ್ನು ಮರುಬಳಕೆಗೆ ಕಳಿಸುವುದು ಎಂದಷ್ಟೇ ಹಲವರು ತಿಳಿದಿದ್ದಾರೆ. ಅದು ಕೊನೆಯ ಭಾಗ. ಮಾಲು ತನ್ನ ಬೆಲೆ ಕಳೆದುಕೊಳ್ಳುವ ಜಾಗ ಹುಡುಕಿ, ಅಲ್ಲೇ ತಡೆದು, ಹತ್ತಿರದ ಇನ್ನೊಂದು ಉದ್ದಿಮೆಗೆ ಕಚ್ಚಾಮಾಲಾಗಿ ತಲುಪಿಸುವುದು ಇದರ ಮುಖ್ಯ ಕೆಲಸ. ನಮ್ಮ ಭಾಗಕ್ಕೆ ಇದು ಹೊಸದಲ್ಲ. ಗಾಣದ ಹಿಂಡಿ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ಹೊಲಕ್ಕೆ, ಹಳೆ ಸೀರೆ ಕೌದಿಗೆ ಹೋಗುತ್ತಿದ್ದವು. ಹಿಂಡಿಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಗಾಣದಿಂದ ಕೊಟ್ಟಿಗೆ ದೂರವಿರಲಿಲ್ಲ, ಹಾಗಾಗಿ ಆ ಚಕ್ರ ತಾನೇ ತಿರುಗಿತು. ಇಂದಿನ ಕಾರ್ಖಾನೆಗೂ ಬೇಕಾದದ್ದು ಅವೇ ಗುಣ: ಶುದ್ಧ, ಒಣ, ಹತ್ತಿರ, ಪ್ರತಿ ತಿಂಗಳೂ ತಪ್ಪದೆ ಸಿಗುವ ಮಾಲು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕೊಳ್ಳುವವರು ಮೂರನೇ ಲೋಡಿಗೆ ಫೋನ್ ಎತ್ತುವುದಿಲ್ಲ.

ಮೊದಲ ಹೆಜ್ಜೆ: ಮೂವತ್ತು ದಿನದ ತೂಕ

ಯಾವ ಯಂತ್ರವನ್ನೂ ಕೊಳ್ಳುವ ಮೊದಲು ಒಂದು ತೂಕದ ಯಂತ್ರ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 300 ಕಿಲೋ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಸಣ್ಣ ಘಟಕಕ್ಕೆ ಸಾಕು. ಬಾಗಿಲಿನಿಂದ ಹೊರಗೆ ಹೋಗುವ ಪ್ರತಿ ಬುಟ್ಟಿಯನ್ನೂ ತೂಗಿ ಐದು ಸಂಗತಿ ಬರೆಯಿರಿ: ಏನು, ಯಾವ ಯಂತ್ರದಿಂದ, ಎಷ್ಟು ಕಿಲೋ, ಹಸಿಯೋ ಒಣವೋ, ಎಲ್ಲಿಗೆ ಹೋಯಿತು. ಬರೆಯುವ ಕೆಲಸವನ್ನು ಒಬ್ಬರಿಗೇ ಒಪ್ಪಿಸಿ. ಎಲ್ಲರೂ ಬರೆಯಲಿ ಎಂದರೆ ಯಾರೂ ಬರೆಯುವುದಿಲ್ಲ.

ತಿಂಗಳ ಕೊನೆಗೆ ಹೀಗೆ ಲೆಕ್ಕ ಹಾಕಿ: ಕೊಂಡ ಮಾಲಿನ ತೂಕದಿಂದ ಮಾರಿದ ಉತ್ಪನ್ನದ ತೂಕ, ದಾಸ್ತಾನಿನಲ್ಲಿ ಹೆಚ್ಚಾದದ್ದು, ಉಳಿಕೆಯಾಗಿ ಹೊರಗೆ ಹೋದದ್ದು, ಈ ಮೂರನ್ನೂ ಕಳೆಯಿರಿ. ಉಳಿಯುವುದು ಲೆಕ್ಕಕ್ಕೆ ಸಿಗದ ಮಾಲು. ಅದು ಶೇ 5ಕ್ಕಿಂತ ಹೆಚ್ಚಿದ್ದರೆ ತೂಕ ತಪ್ಪಿದೆ, ಇಲ್ಲವೇ ಮಾಲು ಎಲ್ಲೋ ಸೋರುತ್ತಿದೆ. ಎರಡೂ ತಿಳಿಯಲೇಬೇಕಾದ ವಿಷಯ. ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಗಿರಣಿಯವರಿಗೆ ಒಂದು ಅಂದಾಜು: 100 ಕ್ವಿಂಟಲ್ ಬಿಡಿಸಿದ ಹತ್ತಿಯಲ್ಲಿ 33ರಿಂದ 35 ಕ್ವಿಂಟಲ್ ಅರಳೆ, 62ರಿಂದ 64 ಕ್ವಿಂಟಲ್ ಹತ್ತಿಕಾಳು ಬರುತ್ತದೆ, ಉಳಿದದ್ದು ಎಲೆ, ಸಿಪ್ಪೆ, ದೂಳು ಮತ್ತು ಆರಿಹೋದ ತೇವ. ಉಳಿಕೆ ಇದಕ್ಕಿಂತ ಬಹಳ ಹೆಚ್ಚಾದರೆ ಕೊಂಡ ಹತ್ತಿಯಲ್ಲೇ ತೇವ ಅಥವಾ ಕಸ ಇತ್ತು. ಆ ಮಾತನ್ನು ಖರೀದಿಯ ಕಟ್ಟೆಯಲ್ಲಿ ಆಡಬೇಕು.

ಎರಡನೆಯ ಹೆಜ್ಜೆ: ಯಾವುದು ಎಲ್ಲಿಗೆ ಹೋಗಬೇಕೆಂಬ ಸರದಿ

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಉಳಿಕೆಗೂ ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಇದು ಹುಟ್ಟದಂತೆ ಮಾಡಬಹುದೇ? ಇದ್ದ ರೂಪದಲ್ಲೇ ಮತ್ತೆ ಬಳಸಬಹುದೇ? ರಿಪೇರಿ ಮಾಡಬಹುದೇ? ಆಹಾರ ಅಥವಾ ಮೇವು ಆಗುತ್ತದೆಯೇ? ಕರಗಿಸಿ, ಅರೆದು ಕಚ್ಚಾಮಾಲು ಮಾಡಬಹುದೇ? ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂದ ಮೇಲೆಯೇ ಉರುವಲು.

ಈ ಸರದಿಯನ್ನು ತಲೆಕೆಳಗು ಮಾಡುವುದು ನಮ್ಮಲ್ಲಿ ಹೆಚ್ಚು. ಉರಿಯುವುದನ್ನೆಲ್ಲ ಬಾಯ್ಲರಿಗೆ ತುಂಬುವುದು ಸುಲಭ. ಆದರೆ ಜೋಳದ ಕಣಿಕೆ ದನದ ಮೇವು. ಬರ ಬಂದಾಗ ಅದಕ್ಕಾಗಿ ರೈತರು ಊರೂರು ಅಲೆಯುವ ನಾಡಿನಲ್ಲಿ ಅದನ್ನು ಇಟ್ಟಿಗೆಯಾಗಿ ಒತ್ತಿ ಸುಡುವ ಯೋಜನೆಗೆ ಯಾರೂ ಕೈಹಾಕಬಾರದು. ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ ಕೂಡ ಹಾಗೆಯೇ, ಮೊದಲು ಮೇವು. ಬೂಜು ಹಿಡಿದ ಶೇಂಗಾ ಹಿಂಡಿ ಮತ್ತು ಗೋವಿನಜೋಳ ಮಾತ್ರ ಇದಕ್ಕೆ ಹೊರತು. ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆದಿರಬಹುದು, ಅದು ಹಾಲಿನಲ್ಲೂ ಇಳಿಯುತ್ತದೆ. ಬಿಸಿಲಿಗೆ ಒಣಗಿಸಿದರೂ, ಕುದಿಸಿದರೂ ಹೋಗದು. ಅಂಥದ್ದನ್ನು ಮೇವಿನ ಸಾಲಿನಿಂದ ತೆಗೆದು ಬಯೋಗ್ಯಾಸ್ ಅಥವಾ ಉರುವಲಿನ ಸಾಲಿಗೆ ಹಾಕಿ.

ಮೂರನೆಯ ಹೆಜ್ಜೆ: ಮಾಲು ಹುಟ್ಟುವ ಜಾಗದಲ್ಲೇ ಬೇರ್ಪಡಿಸುವುದು

ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಯುವುದು ಇಲ್ಲಿ, ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ವಾಲ್ವ್ ಮತ್ತು ಯಂತ್ರದ ಬಿಡಿಭಾಗ ತಯಾರಿಸುವ ಶಾಪುಗಳನ್ನೇ ಹತ್ತಿರದಿಂದ ನೋಡೋಣ, ಹುಬ್ಬಳ್ಳಿಯಲ್ಲಿ ಅವು ಬಹಳ ಇವೆ.

ಪ್ರತಿ ಲೋಹಕ್ಕೆ ಒಂದು ಬಣ್ಣದ ಡಬ್ಬಿ ಇಡಿ: ಬೀಡಿಗೆ ಕಪ್ಪು, ಸಾದಾ ಉಕ್ಕಿಗೆ ನೀಲಿ, ಸ್ಟೇನ್‌ಲೆಸ್‌ಗೆ ಬಿಳಿ, ಅಲ್ಯೂಮಿನಿಯಂಗೆ ಹಳದಿ, ಹಿತ್ತಾಳೆಗೆ ಕೆಂಪು. ಡಬ್ಬಿ ಯಂತ್ರದ ಪಕ್ಕದಲ್ಲೇ ಇರಬೇಕು, ಅಂಗಳದಲ್ಲಿ ಅಲ್ಲ. ಪ್ರತಿ ಕೆಲಸದ ಜೊತೆ ಆಪರೇಟರ್ ಕೈಗೆ ಕೊಡುವ ಜಾಬ್ ಕಾರ್ಡಿನ ಮೇಲೆಯೇ ಡಬ್ಬಿಯ ಬಣ್ಣ ಬರೆಯಿರಿ. ಜಾಬ್ ಬದಲಾದಾಗ ಆಪರೇಟರ್ ಮೊದಲು ತಟ್ಟೆ ಬಳಿದು ಡಬ್ಬಿ ಬದಲಿಸಬೇಕು, ಆಮೇಲೆ ಹೊಸ ತುಂಡನ್ನು ಲೇತಿನ ಚಕ್‌ಗೆ (ತುಂಡು ಹಿಡಿಯುವ ಭಾಗಕ್ಕೆ) ಕಟ್ಟಬೇಕು. ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಕೂಡಿಸಿಟ್ಟು ಆಮೇಲೆ ಅಯಸ್ಕಾಂತದಿಂದ ಬೇರ್ಪಡಿಸುತ್ತೇವೆ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. 304 ದರ್ಜೆಯ ಸ್ಟೇನ್‌ಲೆಸ್ ಸರಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಲೇತಿನಲ್ಲಿ ಅದೇ ಉಕ್ಕು ಸೀಳಿ, ತಿರುಚಿ ಸುರುಳಿಯಾಗಿ ಬರುವಾಗ ಒಳರಚನೆ ಬದಲಾಗಿ ತುಸು ಅಂಟುತ್ತದೆ. ಹೀಗೆ ದುಬಾರಿ ಮಾಲು ಅಗ್ಗದ ರಾಶಿಗೆ ಹೋಗಿಬಿಡುತ್ತದೆ. ಹಾಗಾಗಿ ಅಯಸ್ಕಾಂತವನ್ನು ಕೊನೆಯ ತಪಾಸಣೆಗೆ ಮಾತ್ರ ಬಳಸಿ, ಜಾಬ್ ಕಾರ್ಡನ್ನು ನಂಬಿ.

ಮುಂದಿನದು ಕೂಲಂಟ್, ಅಂದರೆ ಲೋಹ ಕೊರೆಯುವಾಗ ತಂಪಾಗಿಡಲು ಹಾಯಿಸುವ ಎಣ್ಣೆ ಬೆರೆತ ನೀರು. ಹಸಿ ಪುಡಿಯಲ್ಲಿ ತೂಕದ ಶೇ 5ರಿಂದ 20ರವರೆಗೂ ಕೂಲಂಟ್ ಅಂಟಿಕೊಂಡಿರುತ್ತದೆ. ತಿಂಗಳಿಗೆ 2.5 ಟನ್ ಪುಡಿ ಬರುವ ಶಾಪಿನಲ್ಲಿ ಶೇ 10 ಎಂದು ಹಿಡಿದರೂ 250 ಕಿಲೋ. ಕೂಲಂಟ್ ಶೇ 6ರ ಮಿಶ್ರಣವಾಗಿದ್ದರೆ ಸುಮಾರು 15 ಲೀಟರ್ ಶುದ್ಧ ಎಣ್ಣೆ ಪ್ರತಿ ತಿಂಗಳು ಗುಜರಿಯ ಲಾರಿಯಲ್ಲಿ ಹೋಗುತ್ತಿದೆ. ನಿಮ್ಮ ಖರೀದಿ ದರದಿಂದ ಗುಣಿಸಿ ನೋಡಿ. ತಡೆಯುವುದು ಹೀಗೆ: ಡಬ್ಬಿಯ ತಳದಿಂದ ಒಂದು ಗೇಣು ಮೇಲೆ ಜಾಲರಿ ಕೂಡಿಸಿ, ತಳಕ್ಕೆ ಒಂದು ನಲ್ಲಿ ಹಾಕಿಸಿ, ಡಬ್ಬಿಯನ್ನು ತುಸು ಓರೆಯಾಗಿ ಇಟ್ಟು ಒಂದು ದಿನ ಸೋರಲು ಬಿಡಿ. ಇಳಿದ ಕೂಲಂಟನ್ನು ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಮರಳಿಸಿ. ಉಕ್ಕಿನ ಉದ್ದ ಸುರುಳಿಗಿಂತ ಬೀಡಿನ ನುಣುಪು ಪುಡಿ ಹೆಚ್ಚು ಹಿಡಿದಿಡುತ್ತದೆ, ಅದಕ್ಕೆ ಎರಡು ದಿನ ಕೊಡಿ. ಇನ್ನೂ ಒಣಗಬೇಕಾದರೆ ಗಿರಗಿರನೆ ತಿರುಗಿಸಿ ಹಿಂಡುವ ಸೆಂಟ್ರಿಫ್ಯೂಜ್ ಯಂತ್ರ ಬೇಕು, ಅದು ಹತ್ತಾರು ಶಾಪು ಕೂಡಿ ಕೊಂಡರೆ ಮಾತ್ರ ಗಿಟ್ಟುತ್ತದೆ.

ಹಸಿ ಪುಡಿಯನ್ನು ಫೌಂಡ್ರಿ ವಾಪಸು ಕಳಿಸುವುದು ಬೆಲೆ ಇಳಿಸುವ ತಂತ್ರವಲ್ಲ. ಕರಗಿದ ಲೋಹದೊಳಗೆ ನೀರು ಹೋದರೆ ಅದು ಕ್ಷಣಾರ್ಧದಲ್ಲಿ ಉಗಿಯಾಗಿ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಕುಲುಮೆಯ ಮುಂದೆ ನಿಂತವರ ಜೀವಕ್ಕೆ ಅಪಾಯ. ಹಸಿ ಬೀಡಿನ ಪುಡಿ ರಾಶಿಯಲ್ಲೇ ತುಕ್ಕು ಹಿಡಿಯುತ್ತ ಬಿಸಿಯಾಗುತ್ತದೆ, ದೊಡ್ಡ ರಾಶಿಯಾದರೆ ಹೊಗೆಯಾಡುವುದೂ ಉಂಟು. ತುಕ್ಕಾದಷ್ಟು ಲೋಹ ನಷ್ಟ. ಒಣ ಪುಡಿಯನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಬಿಲ್ಲೆ ಮಾಡಿದರೆ ಈ ನಷ್ಟ ತಗ್ಗುತ್ತದೆ, ಸಾಗಣೆಯೂ ಅಗ್ಗವಾಗುತ್ತದೆ. ಇಲ್ಲಿನ ವಾಲ್ವುಗಳಿಗೆ ಬೇಕಾದ ಎರಕ ಬೆಳಗಾವಿ ಕಡೆಯಿಂದ ಬರುತ್ತಿದ್ದರೆ, ಎರಕ ಇಳಿಸಿ ಬರಿದಾಗಿ ಮರಳುವ ಅದೇ ಲಾರಿಯಲ್ಲಿ ಬಿಲ್ಲೆಗಳನ್ನು ಕಳಿಸುವ ಒಪ್ಪಂದ ಮಾಡಿಕೊಳ್ಳಿ. ಹೆದ್ದಾರಿ 48ರಲ್ಲಿ ನೂರು ಕಿಲೋಮೀಟರಿನ ಒಳಗಿನ ದಾರಿ.

ಕೂಲಂಟಿನ ಆಯುಷ್ಯ ಹೆಚ್ಚಿಸುವುದು ಇನ್ನೂ ಮೇಲಿನ ಮಟ್ಟದ ಉಳಿತಾಯ. ಕೂಲಂಟಿನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಒಂದು ಕೈ ರಿಫ್ರಾಕ್ಟೋಮೀಟರ್ ಕೊಂಡು ವಾರಕ್ಕೆರಡು ಸಲ ನೋಡಿ. ಅದರಲ್ಲಿ ಕಾಣುವ ಬ್ರಿಕ್ಸ್ ಅಂಕಿಯನ್ನು ಎಣ್ಣೆ ತಯಾರಕರು ಕೊಟ್ಟ ಗುಣಾಂಕದಿಂದ ಗುಣಿಸಬೇಕು: ಅಂಕಿ 4, ಗುಣಾಂಕ 1.5 ಆದರೆ ಸಾಂದ್ರತೆ ಶೇ 6. ಸಾಮಾನ್ಯ ಕೆಲಸಕ್ಕೆ ಶೇ 5ರಿಂದ 8, ಪಿಎಚ್ 8.5ರಿಂದ 9.5 ಸರಿ. ನೀರು ಆರಿ ಸಾಂದ್ರತೆ ಏರುವುದರಿಂದ ಕಡಿಮೆಯಾದಷ್ಟನ್ನು ತುಂಬಿಸಲು ಶೇ 2–3ರ ತೆಳು ಮಿಶ್ರಣ ಸಾಕು. ಕಲಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಹಾಕಬೇಡಿ, ಹಾಗೆ ಮಾಡಿದರೆ ಮಿಶ್ರಣ ಒಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೂ ಅದು ಒಡೆದು ಮೇಲೆ ಸಾಬೂನಿನಂಥ ಕೆನೆ ಕಟ್ಟುತ್ತದೆ. ಆರ್‌ಒ ನೀರು, ಅದಿಲ್ಲದಿದ್ದರೆ ತಾರಸಿಯ ಮೇಲಿನ ಸೋಸಿದ ಮಳೆನೀರು ಬಳಸಿ.

ವಾರದ ರಜೆ ಮುಗಿದ ಬೆಳಿಗ್ಗೆ ಶಾಪಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾರಣ ಇದು: ಯಂತ್ರದ ಜಾರುಭಾಗಗಳಿಗೆ ಹಾಕುವ ಸ್ಲೈಡ್‌ವೇ ಎಣ್ಣೆ ಸೋರಿ ಕೂಲಂಟಿನ ಮೇಲೆ ಪದರ ಕಟ್ಟಿದೆ, ಕೆಳಗೆ ಗಾಳಿ ಸಿಗದೆ ಗಂಧಕದ ಬ್ಯಾಕ್ಟೀರಿಯಾ ಬೆಳೆದಿದೆ. ರಜೆಯ ಹಿಂದಿನ ಸಂಜೆ ಆ ಪದರ ತೆಗೆದು, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಗಾಳಿ ಪಂಪನ್ನು ಟ್ಯಾಂಕಿನಲ್ಲಿ ಓಡಿಸಿಟ್ಟು ಹೋದರೆ ವಾಸನೆ ಬರುವುದಿಲ್ಲ. ಕೂಲಂಟ್ ಹಲವು ತಿಂಗಳು ಹೆಚ್ಚು ಬಾಳುತ್ತದೆ, ಆಪರೇಟರುಗಳ ಕೈಗೆ ಏಳುವ ತುರಿಯೂ ಕಡಿಮೆಯಾಗುತ್ತದೆ. ತೆಗೆದ ಎಣ್ಣೆಗೆ ಬೇರೆ ಡ್ರಮ್ ಇಡಿ.

ಹೋಗಿ ಬರುವ ಕ್ರೇಟು

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಬಿಡಿಭಾಗ ಸರಬರಾಜು ಮಾಡುವವರಿಗೆ ಅತಿ ಬೇಗ ಫಲ ಕೊಡುವ ಕೆಲಸ ಇದೇ. ರಟ್ಟಿನ ಪೆಟ್ಟಿಗೆಯ ಬದಲು ಮಡಚುವ ಪ್ಲಾಸ್ಟಿಕ್ ಕ್ರೇಟು ಬಳಸಿ. ಎಷ್ಟು ಬೇಕು? ದಿನಕ್ಕೆ 1,200 ಬಿಡಿಭಾಗ, ಒಂದು ಕ್ರೇಟಿಗೆ 40 ಎಂದರೆ ದಿನಕ್ಕೆ 30 ಕ್ರೇಟು. ನಿಮ್ಮ ಬಾಗಿಲು ಬಿಟ್ಟು ಬರಿದಾಗಿ ಮರಳಲು 6 ದಿನ ಹಿಡಿದರೆ 180. ಮುರಿಯುವುದಕ್ಕೆ, ಕಳೆಯುವುದಕ್ಕೆ ಶೇ 15 ಸೇರಿಸಿ 207. ಈ ಯೋಜನೆ ಸೋಲುವುದು ಯಾವಾಗಲೂ ಆ 6 ದಿನ 15 ಆದಾಗ. ಕ್ರೇಟಿಗೆ ನಂಬರ್ ಬರೆದು, ಡೆಲಿವರಿ ಚಲನ್ನಿನಲ್ಲೇ ‘ಬಂದ ಕ್ರೇಟು, ಹೋದ ಕ್ರೇಟು’ ಎಂಬ ಎರಡು ಕಾಲಂ ಹಾಕಿಸಿ. ಡ್ರೈವರ್ ಖಾಲಿ ಕ್ರೇಟು ಎಣಿಸಿ ಸಹಿ ಮಾಡದೆ ಹೊಸ ಲೋಡ್ ಇಳಿಸಬಾರದು.

ನಾಲ್ಕನೆಯ ಹೆಜ್ಜೆ: ಹೊಲ ಮತ್ತು ಗಿರಣಿಯ ಉಳಿಕೆ

ಹಾವೇರಿಯಲ್ಲಿ ಗೋವಿನಜೋಳ, ಗದಗದಲ್ಲಿ ಶೇಂಗಾ, ಎರಡೂ ಕಡೆ ಹತ್ತಿ, ಬ್ಯಾಡಗಿಯಲ್ಲಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ. ಇವುಗಳ ಉಳಿಕೆಯಿಂದ ಬ್ರಿಕೆಟ್ (ಯಂತ್ರದಲ್ಲಿ ಒತ್ತಿದ ಉರುವಲಿನ ಗಟ್ಟಿ) ಮಾಡಿ ಅಕ್ಕಿ ಗಿರಣಿ, ಎಣ್ಣೆ ಸಂಸ್ಕರಣೆ, ಹಾಲಿನ ಘಟಕಗಳ ಬಾಯ್ಲರಿಗೆ ಕೊಡಬಹುದು.

ಎಲ್ಲ ಉಳಿಕೆಯೂ ಒಂದೇ ಅಲ್ಲ. ಶೇಂಗಾ ಸಿಪ್ಪೆ ಕಾಯಿಯ ತೂಕದ ಶೇ 25ರಿಂದ 30 ಇರುತ್ತದೆ, ಗಿರಣಿಯ ಬಾಗಿಲಲ್ಲೇ ಒಣಗಿದ ರಾಶಿಯಾಗಿ ಸಿಗುತ್ತದೆ, ಇದರಷ್ಟು ಸುಲಭದ ಕಚ್ಚಾಮಾಲು ಇನ್ನೊಂದಿಲ್ಲ. ಕಾಳು ಬಿಡಿಸಿದ ಗೋವಿನಜೋಳದ ದಿಂಡು ಕೂಡ ಒಕ್ಕುವ ಯಂತ್ರದ ಬಳಿಯೇ ಗುಡ್ಡೆಯಾಗುತ್ತದೆ, ಕಾಳಿನ ತೂಕದ ಐದರಲ್ಲೊಂದು ಪಾಲು ಎಂದು ಹಿಡಿಯಿರಿ. ಅದನ್ನು ಪುಡಿ ಮಾಡಿ ಅಣಬೆ ಬೆಳೆಯಲೂ ಬಳಸಬಹುದು, ಉರುವಲಿಗಿಂತ ಅದು ಮೇಲಿನ ಬಳಕೆ.

ಹತ್ತಿಕಟ್ಟಿಗೆ ಕಷ್ಟದ ಮಾಲು. ಹೊಲದಿಂದ ಕಿತ್ತು, ಹೊತ್ತು, ಕತ್ತರಿಸಬೇಕು. ಕಾಯಿಗಳ ಸಮೇತ ಕಟ್ಟಿಗೆಯನ್ನು ಬದುವಿನ ಮೇಲೆ ಗೂಡು ಹಾಕಿಟ್ಟರೆ ಗುಲಾಬಿ ಕಾಯಿಕೊರಕದ ಹುಳು ಅದರಲ್ಲೇ ಮುಂದಿನ ಬೆಳೆಯವರೆಗೆ ಬದುಕುತ್ತದೆ. ಆದ್ದರಿಂದ ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಕಿತ್ತು ಹೊಲದಲ್ಲೇ ಚಿಪ್ಪರ್ ಹಾಕಿ ಚೂರು ಮಾಡಿ ಸಾಗಿಸಿ, ಇಲ್ಲವೇ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿ. ಎಲ್ಲ ಹೊಲದ ಎಲ್ಲ ಕಟ್ಟಿಗೆಯನ್ನೂ ಎತ್ತುವುದು ಸರಿಯಲ್ಲ. ಸಾವಯವ ಅಂಶ ಕಡಿಮೆಯಿರುವ ಎರೆಭೂಮಿಗೂ ಅದರ ಪಾಲು ಬೇಕು.

ಮೆಣಸಿನಕಾಯಿ ತೊಟ್ಟಿಗೆ ಬೇರೆ ಎಚ್ಚರ. ತೊಟ್ಟಿನ ಜೊತೆ ಬೀಜ, ಸಿಪ್ಪೆಯ ಖಾರದ ದೂಳು ಇರುತ್ತದೆ, ಬಯಲಿನಲ್ಲಿ ಸುಟ್ಟರೆ ಹೊಗೆಗೆ ಓಣಿಯೇ ಕೆಮ್ಮುತ್ತದೆ. ಪುಡಿ ಮಾಡುವವರಿಗೆ ಮುಖಕ್ಕೆ ಅಂಟಿ ಕೂರುವ ಮಾಸ್ಕು, ಕನ್ನಡಕ ಕೊಡಲೇಬೇಕು. ಮಿಶ್ರಣದಲ್ಲಿ ಶೇ 10–15ರ ಮೇಲೆ ಹಾಕಬೇಡಿ. ಅದರ ಪೊಟ್ಯಾಷ್ ಅಂಶಕ್ಕೆ ಬೂದಿ ಕರಗಿ ಕುಲುಮೆಯ ಜಾಲರಿಗೆ ಗಾಜಿನಂತೆ ಅಂಟುತ್ತದೆ.

ಈಗ ತೇವದ ವಿಷಯ, ಬ್ರಿಕೆಟ್ ಘಟಕಗಳು ಹೆಚ್ಚಾಗಿ ಎಡವುವುದು ಇಲ್ಲೇ. ಪಿಸ್ಟನ್ ಪ್ರೆಸ್ಸಿಗೆ 6–8 ಮಿಲಿಮೀಟರ್ ಚೂರು, ಶೇ 8ರಿಂದ 12 ತೇವ ಬೇಕು. ಹೆಚ್ಚು ತೇವವಿದ್ದರೆ ಡೈಯೊಳಗೆ (ಬ್ರಿಕೆಟ್ಟಿಗೆ ಆಕಾರ ಕೊಡುವ ಅಚ್ಚಿನೊಳಗೆ) ಉಗಿ ಕಟ್ಟಿ ಬ್ರಿಕೆಟ್ ಬಿರಿಯುತ್ತದೆ, ಕೆಲವೊಮ್ಮೆ ಗುಂಡಿನ ಹಾಗೆ ಹೊರಗೆ ಹಾರುತ್ತದೆ, ಆದ್ದರಿಂದ ಡೈಯ ಎದುರು ಯಾರೂ ನಿಲ್ಲಬಾರದು. ತೀರ ಒಣಗಿದ್ದರೆ ಅಂಟಿಕೊಳ್ಳದೆ ಪುಡಿಯಾಗುತ್ತದೆ. ತೇವ ಅಳೆಯಲು ಲ್ಯಾಬಿಗೆ ಕಾಯಬೇಕಿಲ್ಲ. ರಾಶಿಯ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ಸರಿಯಾಗಿ 100 ಗ್ರಾಂ ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 86 ಗ್ರಾಂ ಉಳಿದರೆ ತೇವ ಶೇ 14. ಖರೀದಿಯನ್ನು ಒಣ ತೂಕದ ಮೇಲೆಯೇ ಮಾಡಿ: ಶೇ 20 ತೇವದ ಒಂದು ಟನ್ನಿನಲ್ಲಿ ನಿಮಗೆ ಸಿಗುವುದು 800 ಕಿಲೋ, ಶೇ 10ರದ್ದರಲ್ಲಿ 900. ಇದೊಂದು ನಿಯಮ ಬಂದರೆ ರಾಶಿಗೆ ನೀರು ಚಿಮುಕಿಸಿ ತರುವ ಅಭ್ಯಾಸ ತಾನೇ ನಿಲ್ಲುತ್ತದೆ.

ಮಣ್ಣು ಎರಡನೆಯ ಶತ್ರು. ನೆಲಕ್ಕೆ ಬಿದ್ದದ್ದನ್ನು ಸಲಿಕೆಯಿಂದ ಬಾಚಿ ತುಂಬಿದ ಲೋಡು ಡೈಯನ್ನು ಬೇಗ ಸವೆಸುತ್ತದೆ, ಬೂದಿಯನ್ನೂ ಹೆಚ್ಚಿಸುತ್ತದೆ. ಒಂದು ಮುಷ್ಟಿಯನ್ನು ನೀರಿನ ಬಕೆಟ್ಟಿಗೆ ಹಾಕಿ ಕಲಕಿ, ತಳದಲ್ಲಿ ಕೂಡುವ ಮಣ್ಣು ನೋಡಿ ಲೋಡ್ ಒಪ್ಪಿಕೊಳ್ಳಿ. ಪ್ಲಾಸ್ಟಿಕ್ ಚೀಲದ ದಾರ ಒಂದೆಳೆಯೂ ಇರಬಾರದು.

ಸಾಗಣೆಯ ಲೆಕ್ಕ ಹೀಗಿದೆ. ಸಡಿಲ ಶೇಂಗಾ ಸಿಪ್ಪೆ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ. 20 ಘನ ಮೀಟರ್ ತುಂಬುವ ಲಾರಿಯಲ್ಲಿ ಹೋಗುವುದು 2 ಟನ್ ಮಾತ್ರ, ಬಾಡಿಗೆ ಮಾತ್ರ ಪೂರ್ತಿ ಲಾರಿಯದು. ಬ್ರಿಕೆಟ್ ರಾಶಿ ಘನ ಮೀಟರಿಗೆ 600 ಕಿಲೋ ಮೀರುತ್ತದೆ, ಆಗ ಲಾರಿ ಹೊರುವ ತೂಕವೇ ಮಿತಿ. ಹಾಗಾಗಿ ಸಡಿಲ ಮಾಲನ್ನು ಇಪ್ಪತ್ತು-ಮೂವತ್ತು ಕಿಲೋಮೀಟರಿನೊಳಗೆ ಕೂಡಿಸಿ, ಒತ್ತಿದ್ದನ್ನು ಎಷ್ಟು ದೂರವಾದರೂ ಕಳಿಸಿ. ಕೃಷಿ ಉಳಿಕೆಯ ಬ್ರಿಕೆಟ್ ಕಿಲೋಗೆ ಸಾಮಾನ್ಯವಾಗಿ 3,800ರಿಂದ 4,200 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಬಾಯ್ಲರಿನವರು ಒಮ್ಮೆಲೇ ಪೂರ್ತಿ ಬದಲಿಸದೆ ಮೊದಲ ವಾರ ಕಲ್ಲಿದ್ದಲಿನ ಜೊತೆ ಕಾಲು ಪಾಲು ಹಾಕಿ, ಬೂದಿ ಹೇಗೆ ಬೀಳುತ್ತದೆ ನೋಡಿ ಮುಂದೆ ಹೋಗಲಿ.

ದಾಸ್ತಾನು ಮಳೆಗಾಲ ದಾಟಬೇಕು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಎಲ್ಲವೂ ದೀಪಾವಳಿಯ ಸುಮಾರಿಗೆ ಶುರುವಾಗಿ ಬೇಸಿಗೆಯೊಳಗೆ ಬಂದು ಮುಗಿಯುತ್ತವೆ, ಬಾಯ್ಲರ್ ಮಾತ್ರ ವರ್ಷವಿಡೀ ಉರಿಯುತ್ತದೆ. ಒಂದೇ ದೊಡ್ಡ ಗುಡ್ಡೆ ಬೇಡ, ಸಣ್ಣ ಗುಡ್ಡೆ ಮಾಡಿ ನಡುವೆ ನೀರಿನ ಟ್ಯಾಂಕರ್ ಓಡಾಡುವಷ್ಟು ದಾರಿ ಬಿಡಿ. ವಾರಕ್ಕೊಮ್ಮೆ ಗುಡ್ಡೆಯ ಹೊಟ್ಟೆಗೆ ಉದ್ದನೆಯ ಕಬ್ಬಿಣದ ಸರಳು ಚುಚ್ಚಿ ಕಾಲು ಗಂಟೆ ಬಿಟ್ಟು ತೆಗೆಯಿರಿ. ತುದಿಯನ್ನು ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅದೇ ದಿನ ಗುಡ್ಡೆ ಒಡೆದು ಹರವಬೇಕು.

ಬೂದಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೂದಿ ಗೊಬ್ಬರ ನಿಜ, ಆದರೆ ಅದು ಕ್ಷಾರ. ಗದಗ, ನವಲಗುಂದ ಕಡೆಯ ಎರೆಭೂಮಿ ಮೊದಲೇ ಕ್ಷಾರದ ಕಡೆಗಿದೆ, ಅಲ್ಲಿ ಲಾರಿಗಟ್ಟಲೆ ಸುರಿದರೆ ಬೆಳೆಗೆ ಸತು, ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಕಲಘಟಗಿ, ಹಾನಗಲ್ ಕಡೆ ಹುಳಿಯಂಶವಿರುವ ಮಸಾರಿ ಮಣ್ಣಿದ್ದರೆ ಅಲ್ಲಿ ಅದು ಉಪಯುಕ್ತ. ಮಣ್ಣು ಪರೀಕ್ಷೆ ಮಾಡಿಸಿಯೇ ಕೊಡಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅದರ ಸಲಹೆ ಸಿಗುತ್ತದೆ.

ಖಾನಾವಳಿ, ಹೋಟೆಲು

ಮಿರ್ಚಿ ಭಜಿ ಕರಿಯುವ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಷ್ಟೂ ಹೆಚ್ಚುವ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಅಂಶ ಶೇ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಅದು ಎಲ್ಲಿಗೆ ಹೋಯಿತೆಂಬ ದಾಖಲೆ ಇಡಬೇಕು. ಹಳೆ ಎಣ್ಣೆಯನ್ನು ಆರಿಸಿ, ಸೋಸಿ, ಒಣ ಕ್ಯಾನಿನಲ್ಲಿ ಮುಚ್ಚಿಟ್ಟು ಅಧಿಕೃತ ಸಂಗ್ರಾಹಕರಿಗೆ ಕೊಟ್ಟರೆ ಬಯೋಡೀಸೆಲ್ ಆಗುತ್ತದೆ. ನೀರು ಸೇರಿದರೆ ತಯಾರಿಕೆಯಲ್ಲಿ ಎಣ್ಣೆ ಸಾಬೂನಾಗಿ ಕೆಡುತ್ತದೆ, ಬೆಲೆ ಬೀಳುತ್ತದೆ. ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆಂದು ಬಂದು ಅದನ್ನೇ ಮತ್ತೆ ತಿನ್ನುವ ಎಣ್ಣೆಗೆ ಕಲಸುವವರ ಕೈಗೆ ಕೊಡಬೇಡಿ. ಅದು ಜನರ ಆರೋಗ್ಯದ ಪ್ರಶ್ನೆ.

ಅಡುಗೆಮನೆಯ ಹಸಿ ಕಸ ದಿನಕ್ಕೆ 100 ಕಿಲೋ ಇದ್ದರೆ 8ರಿಂದ 10 ಘನ ಮೀಟರ್ ಬಯೋಗ್ಯಾಸ್ ನಿರೀಕ್ಷಿಸಬಹುದು. ಒಂದು ಘನ ಮೀಟರ್ ಹೆಚ್ಚುಕಡಿಮೆ 0.45 ಕಿಲೋ ಎಲ್‌ಪಿಜಿಗೆ ಸಮ, ಅಂದರೆ 19 ಕಿಲೋದ ಒಂದು ಸಿಲಿಂಡರ್ ನಾಲ್ಕೈದು ದಿನಕ್ಕೆ ಉಳಿಯುತ್ತದೆ. ಶುರುವಿಗೆ ತೊಟ್ಟಿಯನ್ನು ಸಗಣಿ ಬಗ್ಗಡದಿಂದ ತುಂಬಿ ಗ್ಯಾಸ್ ಉರಿಯುವವರೆಗೆ ಕಾಯಿರಿ, ಆಮೇಲೆ ಹಸಿ ಕಸವನ್ನು ದಿನಕ್ಕೆ 10 ಕಿಲೋದಿಂದ ಏರಿಸುತ್ತ ಒಂದೂವರೆ ತಿಂಗಳಲ್ಲಿ ಪೂರ್ತಿಗೆ ತನ್ನಿ. ಮದುವೆ ಊಟ ಉಳಿಯಿತೆಂದು ಒಂದೇ ದಿನ 300 ಕಿಲೋ ಅನ್ನ ಸುರಿದರೆ ತೊಟ್ಟಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಪಿಎಚ್ 6.8ಕ್ಕಿಂತ ಇಳಿದರೆ ಕಸ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, 7ಕ್ಕೆ ಬಂದ ಮೇಲೆ ಮತ್ತೆ ಕಾಲು ಪಾಲಿನಿಂದ ಆರಂಭಿಸಿ. ಲಿಂಬೆ ಸಿಪ್ಪೆ, ಮೊಟ್ಟೆಯ ಚಿಪ್ಪು, ಎಲುಬು ಬೇಡ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಗದಗ-ಬೆಟಗೇರಿಯ ಮಗ್ಗದ ಮನೆಯಾಗಲಿ ಹುಬ್ಬಳ್ಳಿಯ ಹೊಲಿಗೆ ಘಟಕವಾಗಲಿ, ಶುದ್ಧ ಹತ್ತಿಯ ತುಂಡನ್ನು ಮಿಶ್ರ ನೂಲಿನಿಂದ ಬೇರೆ ಇಟ್ಟರೆ ಅರ್ಧ ಕೆಲಸ ಆಯಿತು. ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ.

ಐದನೆಯ ಹೆಜ್ಜೆ: ಕಾಗದಪತ್ರ

ಬಳಸಿದ ಎಣ್ಣೆ, ಕೆಟ್ಟ ಕೂಲಂಟ್, ಎಣ್ಣೆ ಹತ್ತಿದ ಬಟ್ಟೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ದಾಸ್ತಾನು ಇಡುವಂತಿಲ್ಲ, ನಮೂನೆ 3ರಲ್ಲಿ ದಿನಚರಿ, ಸಾಗಿಸುವಾಗ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ಪತ್ರ), ಪ್ರತಿ ವರ್ಷ ಜೂನ್ 30ರೊಳಗೆ ನಮೂನೆ 4ರ ವಾರ್ಷಿಕ ವರದಿ. ಅಧಿಕಾರ ಇರುವ ಮರುಬಳಕೆದಾರರಿಗೆ ಮಾತ್ರ ಕೊಡಿ, ಅವರ ಪತ್ರದ ಅವಧಿ ಮುಗಿದಿಲ್ಲವೆಂದು ಪ್ರತಿ ಸಲ ನೋಡಿ. ಎಣ್ಣೆ ಬಟ್ಟೆಯನ್ನು ಒಂದರ ಮೇಲೊಂದು ಒತ್ತಿ ಮೂಲೆಯಲ್ಲಿ ಇಡಬೇಡಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ. ಕೆಲವು ಎಣ್ಣೆಗಳು ಹತ್ತಿಯಲ್ಲಿ ತಾವೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ.

ಲೋಹದ ಗುಜರಿಯಲ್ಲಿ 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿ ಪದ್ಧತಿ ಬದಲಾಗಿದೆ: ನೋಂದಣಿ ಇಲ್ಲದವರಿಂದ ನೋಂದಾಯಿತರು ಕೊಂಡರೆ ತೆರಿಗೆ ಕೊಳ್ಳುವವರೇ ಕಟ್ಟಬೇಕು. ಇಬ್ಬರೂ ನೋಂದಾಯಿತರಾಗಿದ್ದು ಒಪ್ಪಂದದ ಮೊತ್ತ 2.5 ಲಕ್ಷ ರೂಪಾಯಿ ಮೀರಿದರೆ ಕೊಳ್ಳುವವರು ಕೊಡುವ ಹಣದಲ್ಲಿ ಶೇ 2 ತೆರಿಗೆ ಕಡಿತ ಮಾಡುತ್ತಾರೆ. ಮೊದಲ ಲೋಡಿಗೆ ಮುಂಚೆಯೇ ನಿಮ್ಮ ಲೆಕ್ಕಿಗರ ಜೊತೆ ಕುಳಿತು ಇದನ್ನು ಸರಿಪಡಿಸಿಕೊಳ್ಳಿ.

ಆರನೆಯ ಹೆಜ್ಜೆ: ಮೂರು ಲೋಡು, ಆಮೇಲೆ ಒಪ್ಪಂದ

ಕೊಳ್ಳುವವರನ್ನು ಹುಡುಕಲು ಜಿಲ್ಲಾ ಕೈಗಾರಿಕಾ ಕೇಂದ್ರ, ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ, ನಿಮ್ಮದೇ ಎಸ್ಟೇಟಿನ ಸಂಘ ಎಲ್ಲಕ್ಕೂ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಎರಡು ಕಿಲೋ ಮಾದರಿ ಮತ್ತು ಮೂವತ್ತು ದಿನದ ತೂಕದ ಹಾಳೆ ಒಯ್ಯಿರಿ. ಒಂದೇ ಬಗೆಯ ಉಳಿಕೆಯ ಐದಾರು ಘಟಕದವರು ಕೂಡಿ ಹೋದರೆ ಮಾತಿನ ತೂಕವೇ ಬೇರೆ.

ಮೂರು ಲೋಡು ಪರೀಕ್ಷೆಗೆ ಕಳಿಸಿ. ಮೊದಲನೆಯದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಮಾಲೀಕರೇ ನಿಂತು ತುಂಬಿಸಿರುತ್ತಾರೆ. ಮೂರನೆಯದು ನಿಜವಾದ ಗುಣಮಟ್ಟ. ಒಪ್ಪಂದದಲ್ಲಿ ಇವು ಇರಲಿ: ತೇವದ ಮಿತಿ, ಬೇರೆ ಮಾಲು ಎಷ್ಟು ಸೇರಿರಬಹುದು, ತಿಂಗಳ ಕನಿಷ್ಠ ತೂಕ, ಯಾರ ತಕ್ಕಡಿಯ ತೂಕ ನಡೆಯುತ್ತದೆ, ಲೋಡು ತಿರಸ್ಕರಿಸಿದರೆ ಮರಳುವ ಬಾಡಿಗೆ ಯಾರದು. ಈ ಕೊನೆಯದನ್ನು ಬರೆಯದೆ ಬಿಟ್ಟಿದ್ದರಿಂದಲೇ ಒಳ್ಳೊಳ್ಳೆಯ ಸಂಬಂಧಗಳು ಕೆಟ್ಟಿವೆ. ಬೆಲೆಯನ್ನು ವರ್ಷಕ್ಕೆ ಕಟ್ಟಿಹಾಕದೆ ಮೂರು ತಿಂಗಳಿಗೊಮ್ಮೆ ಮಾರುಕಟ್ಟೆ ನೋಡಿ ಬದಲಿಸಿ. ಎಷ್ಟೇ ಒಳ್ಳೆಯ ಗಿರಾಕಿಯಿದ್ದರೂ ಮಾಲಿನ ನಾಲ್ಕನೇ ಒಂದು ಪಾಲನ್ನು ಇನ್ನೊಬ್ಬರಿಗೆ ಕೊಡುತ್ತಿರಿ, ಒಬ್ಬರ ಬಾಯ್ಲರ್ ರಿಪೇರಿಗೆ ನಿಂತ ತಿಂಗಳು ನಿಮ್ಮ ಅಂಗಳ ತುಂಬಬಾರದು.

ತಿಂಗಳ ಹಾಳೆ

ಪ್ರತಿ ತಿಂಗಳ ಕೊನೆಗೆ ಮೂರು ಅಂಕಿ ಬರೆದು ಎಲ್ಲರಿಗೂ ಕಾಣುವಂತೆ ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿ: ಒಂದು ಟನ್ ಉತ್ಪನ್ನಕ್ಕೆ ಎಷ್ಟು ಕಿಲೋ ಮಹಾನಗರ ಪಾಲಿಕೆಯ ಕಸದ ಗಾಡಿಗೆ ಹೋಯಿತು, ಒಂದು ಟನ್ನಿಗೆ ಎಷ್ಟು ಹೊಸ ಕಚ್ಚಾಮಾಲು ಕೊಂಡಿರಿ, ಉಳಿಕೆಯಿಂದ ಬಂದ ಹಣದಲ್ಲಿ ಬೇರ್ಪಡಿಸುವ ಕೂಲಿ, ಬಾಡಿಗೆ ಕಳೆದು ಎಷ್ಟು ಉಳಿಯಿತು. ಉತ್ಪಾದನೆ ಏರಿದರೂ ಮೊದಲೆರಡು ಅಂಕಿ ಇಳಿಯುತ್ತಿದ್ದರೆ ಬೆಳವಣಿಗೆ ಗಟ್ಟಿಯಾದದ್ದು. ಗುಜರಿಯ ಆದಾಯ ಮಾತ್ರ ಏರಿ ಎರಡನೆಯ ಅಂಕಿ ಇಳಿಯದಿದ್ದರೆ ನೀವು ಕಸವನ್ನು ಚೆನ್ನಾಗಿ ಮಾರುತ್ತಿದ್ದೀರಿ ಅಷ್ಟೇ, ಅದು ಹುಟ್ಟುವುದನ್ನು ತಡೆದಿಲ್ಲ. ಆಗ ಎರಡನೆಯ ಹೆಜ್ಜೆಯ ಮೊದಲ ಪ್ರಶ್ನೆಗೆ ಮರಳಿ ಹೋಗಿ. ಕೊಳ್ಳುವ ಎರಕದ ಮೇಲೆ ಮೂರು ಮಿಲಿಮೀಟರ್ ಹೆಚ್ಚುವರಿ ದಪ್ಪ ಬಿಟ್ಟಿದ್ದರೆ ಅದನ್ನು ಎರಡಕ್ಕೆ ಇಳಿಸಬಹುದೇ ಎಂದು ಫೌಂಡ್ರಿಯವರನ್ನು ಕೇಳಿ. ಆ ಒಂದು ಮಿಲಿಮೀಟರಿನಲ್ಲಿ ಲೋಹ, ಕೂಲಂಟ್, ಕರೆಂಟ್, ಲೇತಿನ ಗಂಟೆ ನಾಲ್ಕೂ ಒಟ್ಟಿಗೆ ಉಳಿಯುತ್ತವೆ.